ಎರಡು ಕಿಲೋ ಪವರ್ ಸಪ್ಲೈ

ವ್ಯಾಪಾರದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಇದು ಜಂಬದ ಮಾತಲ್ಲ, ರಾಯಬಾಗ ತಾಲೂಕಿಗೇ ಗೊತ್ತಿರುವ ಸಂಗತಿ. ಹಳೆಯ ಪಂಪ್‌ಸೆಟ್ ಮೋಟಾರು ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಉದ್ಯೋಗ. ದಿಗ್ಗೇವಾಡಿಯ ರೈತ ಹೊಳೆಯಲ್ಲಿ ಮುಳುಗಿ ಎದ್ದ ಮೋಟಾರನ್ನು ಹೇರಿಕೊಂಡು ಬಂದರೆ ನಾನು ಬಿಚ್ಚಿ ನೋಡುವುದಿಲ್ಲ. ಒಂದು ಬದಿ ಹಿಡಿದು ಎತ್ತುತ್ತೇನೆ. ಭಾರ ಇದ್ದರೆ ಒಳಗೆ ತಾಮ್ರ, ಹಗುರ ಇದ್ದರೆ ಅಲ್ಯುಮಿನಿಯಂ. ಮುಗೀತು! ನಿಮಗೂ ಹೇಳುತ್ತೇನೆ, ಯಾವ ವಸ್ತು ಕೊಂಡರೂ ಮೊದಲು ಎತ್ತಿ ನೋಡಿರಿ.

ಇದೇ ಜಾಣತನದಿಂದ ನನ್ನ ಮದುವೆಯೂ ತಪ್ಪಿತು. ಅಥಣಿ ಕಡೆ ಹೆಣ್ಣು ನೋಡಲು ಹೋದಾಗ, ಅವಲಕ್ಕಿ ತಟ್ಟೆ ಬರುವ ಮೊದಲೇ, ಅವರ ಹಿತ್ತಲಲ್ಲಿ ಬಿದ್ದಿದ್ದ ಮೋಟಾರನ್ನು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ್ದೆ. ಮೋಟಾರು ಸಿಕ್ಕಿತು. ಹೆಣ್ಣು ಸಿಗಲಿಲ್ಲ.

ಹೀಗಾಗಿ ಮನೆಯಲ್ಲಿ ನನಗೆ ಇದ್ದವನು ತಮ್ಮ ರಾಜು ಒಬ್ಬನೇ. ಅವನೂ ಪುಣೆಯ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋದ. ಆಮೇಲೆ ಮನೆಯಲ್ಲಿ ಮಾತಾಡುವ ವಸ್ತು ಎಂದರೆ ಕುಕ್ಕರ್ ಒಂದೇ ಉಳಿಯಿತು. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ತಮ್ಮನಿಗೆ ಫೋನ್ ಮಾಡಿದರೆ ನಮ್ಮ ಸಂಭಾಷಣೆ ಹೀಗೆ:

“ಊಟ ಆತೇನೋ?”

“ಹೂಂ.”

“ಅಲ್ಲಿ ಥಂಡಿ ಭಾಳ ಐತೇನು?”

“ಹೂಂ.”

“ಫೋನ್ ಇಡ್ಲೇನು?”

“ಹೂಂ!”

ಈ ಕೊನೆಯ ಹೂಂ ಮಾತ್ರ ಬಲು ಚುರುಕಾಗಿ ಬರುತ್ತಿತ್ತು.

ದೀಪಾವಳಿಗೆ ಬಂದಾಗ ನೋಡಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತನ್ನ ಲ್ಯಾಪ್‌ಟಾಪಿನ ಮುಂದೆ ಕೂತು, ಪುಣೆಯ ಗೆಳೆಯರ ಜೋಡಿ ಬಂದೂಕಿನ ಆಟ ಆಡುತ್ತಿದ್ದ. “ಅಲ್ಲಿ ಹೋಗಬ್ಯಾಡಲೇ! ನನ್ನ ಹಿಂದ ಬಾ! ಅಯ್ಯಯ್ಯ, ಸತ್ತೆಲ್ಲೋ!” ನಗು, ಕೂಗಾಟ. ನನ್ನ ಜೋಡಿ ಒಂದು ವರ್ಷದಲ್ಲಿ ಆಡದಷ್ಟು ಮಾತನ್ನು ಒಂದೇ ತಾಸಿನಲ್ಲಿ ಆಡಿ ಮುಗಿಸಿದ. ನನಗೆ ವ್ಯಾಪಾರದ ಬುದ್ಧಿ. ಮಾಲು ಎಲ್ಲಿ ಸಿಗುತ್ತದೋ ಅಲ್ಲಿಗೇ ಹೋಗಬೇಕು. ತಮ್ಮನ ಮಾತು ಆ ಆಟದೊಳಗೆ ಸಿಗುತ್ತದೆ.

“ರಾಜು, ನಿಮ್ಮ ಆಟದಾಗ ನಂದೂ ಹೆಸರ ಹಾಕೋ.”

ಅವನು ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ. “ನೀ ಆಡ್ತೀಯಾ ಅಣ್ಣಾ?”

“ಯಾಕ, ನನಗೇನು ಕೈ ಇಲ್ಲೇನು?”

“ಹಂಗಲ್ಲ. ನಾಕ ಮಂದಿ ತಂಡ. ಮೂರ ಮಂದಿ ಅದೀವಿ, ಒಂದ ಜಾಗಾ ಖಾಲಿ ಐತಿ. ಐತವಾರ ಸಂಜಿಕ ಆಡ್ತೀವಿ. ಗೆಳ್ಯಾರು ಬ್ಯಾರೆ ಯಾರನ್ನರ ತಗೊಳ್ಳೋಣು ಅನ್ನಾಕತ್ತಾರ. ಸ್ವಲ್ಪ ದಿವಸ ನಿನ್ನ ಸಲುವಾಗಿ ತಡದ ಹಿಡೀತೀನಿ. ಆದ್ರ ನಿನಗ ಛಲೋ ಕಂಪ್ಯೂಟರ್ ಬೇಕು ನೋಡು.”

ಪುಣೆಗೆ ಹೊರಡುವಾಗ ಬಸ್ಸಿನ ಕಿಟಕಿಯಿಂದ ಮತ್ತೊಮ್ಮೆ ಹೇಳಿದ: “ಉಳದದ್ದೆಲ್ಲಾ ಸೆಕೆಂಡ್ ಹ್ಯಾಂಡ್ ತಗೋ, ಅಡ್ಡಿ ಇಲ್ಲ. ಪವರ್ ಸಪ್ಲೈ ಮಾತ್ರ ಕಂಪನೀದ ತಗೋ. ಅದರಾಗ ಚೌಕಾಶಿ ಮಾಡಬ್ಯಾಡ ಅಣ್ಣಾ!”

ಚೌಕಾಶಿ ಮಾಡಬ್ಯಾಡ! ಮೀನಿಗೆ ಈಜಬ್ಯಾಡ ಅಂದಂಗ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪವರ್ ಸಪ್ಲೈ ಎಂದರೆ ಕಂಪ್ಯೂಟರಿನ ಡಬ್ಬಿಯೊಳಗೆ ಕೂತು, ಗೋಡೆಯ ಕರೆಂಟನ್ನು ಉಳಿದ ಭಾಗಗಳಿಗೆ ಹದವಾಗಿ ಹಂಚುವ ಒಂದು ಚೌಕ ಪೆಟ್ಟಿಗೆ. ತಮ್ಮ ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದ ನಿಪ್ಪಾಣಿಯ ಅಂಗಡಿಯವನು, ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್ ಕೊಟ್ಟು, ಕೊನೆಗೆ ಇಂಥ ಎರಡು ಪೆಟ್ಟಿಗೆ ತಂದಿಟ್ಟ. ಒಂದು ಕಂಪನಿಯದು, ಮೂರು ವರ್ಷ ಗ್ಯಾರಂಟಿ, ನಾನೂರೈವತ್ತು ವ್ಯಾಟ್. ಇನ್ನೊಂದರ ಮೇಲೆ ಬೆಂಕಿ ಉಗುಳುವ ಹುಲಿಯ ಚಿತ್ರ, ಆರುನೂರು ವ್ಯಾಟ್, ಬೆಲೆ ಅರ್ಧ. ನನಗೆ ನಗು ಬಂತು. ಆರುನೂರು ವ್ಯಾಟ್ ಎಂದರೆ ಒಂದು ಎಚ್‌ಪಿ ಸಹಿತ ಅಲ್ಲ! ಹತ್ತು ಎಚ್‌ಪಿ ಮೋಟಾರು ಆಳಿದವನು ನಾನು.

ಎರಡನ್ನೂ ಎತ್ತಿ ನೋಡಿದೆ. ಹುಲಿ ಭಾರ! ಸಂಶಯ ಉಳಿಯಬಾರದೆಂದು ಪಕ್ಕದ ತಂಬಾಕಿನ ಅಂಗಡಿಗೆ ಒಯ್ದು ತಕ್ಕಡಿಗೆ ಹಾಕಿಸಿದೆ. ಕಂಪನಿಯದು ಒಂದೂವರೆ ಕಿಲೋ. ಹುಲಿ ಎರಡು ಕಿಲೋ ಮೇಲೆ! ಸುತ್ತ ನಿಂತ ಐದಾರು ಜನರಿಗೆ ತಾಮ್ರ ಮತ್ತು ಅಲ್ಯುಮಿನಿಯಂ ಕುರಿತು ಸಂಕ್ಷಿಪ್ತ ಉಪನ್ಯಾಸವನ್ನೂ ಕೊಟ್ಟೆ.

ಅಂಗಡಿಯವನು ಒಂದೇ ಮಾತು ಹೇಳಿದ: “ಸಾವಕಾರ್ರ, ನಿಮ್ಮ ತಮ್ಮಾರು ಹೇಳಿದ್ದು ಇದನ್ನಲ್ರಿ.”

“ತಮ್ಮ ಸಣ್ಣಾಂವ. ಅವನಿಗೇನ ತಿಳೀತೈತಿ! ಈ ಹುಲೀ ಕೊಡ್ರಿ. ಮ್ಯಾಲೊಂದು ಮೌಸ್ ಇಡೂ ಚಾಪಿ ಪುಕ್ಕಟೆ ಕೊಡ್ರಿ.”

ಕೊಟ್ಟ. ಚಾಪೆ ಇವತ್ತಿಗೂ ಛಲೋ ಐತಿ.

ಮನೆಗೆ ತಂದು ಜೋಡಿಸಿದೆ. ಹಾಡು ಬಂತು, ಫೋಟೋ ಬಂತು. ಪಕ್ಕದ ಮನೆಯ ಸುಶೀಲಾ ಕಾಕು ಬಾಗಿಲಲ್ಲಿ ನಿಂತು “ಛಲೋ ಟೀವಿ ತಂದಿ ಮಾದೇವಾ” ಎಂದು ಹರಸಿದರು.

ಐತವಾರ ಸಂಜೆ ಹೊಸ ಅಂಗಿ ಹಾಕಿಕೊಂಡು ಕೂತೆ. ಕಿವಿಯಲ್ಲಿ ತಮ್ಮನ ಧ್ವನಿ ಬಂತು. “ಅಣ್ಣಾ! ಬಂದೀಯಲ್ಲೋ! ಏ, ನಮ್ಮ ಅಣ್ಣ ಬಂದಾನ!” ಹೂಂ ಅಲ್ಲ, ಪೂರ್ತಿ ವಾಕ್ಯ! ಆಟದಲ್ಲಿ ವಿಮಾನದಿಂದ ಜಿಗಿಯಬೇಕು. “ಅಣ್ಣಾ, ನನ್ನ ಹಿಂದ ಜಿಗಿ!” ಜಿಗಿದೆ.

ಟಪ್. ಕಂಪ್ಯೂಟರ್ ಬಂದ್.

ನಾಲ್ಕು ಸಲ ಜಿಗಿದೆ. ನಾಲ್ಕು ಸಲವೂ ನೆಲ ಮುಟ್ಟುವ ಮೊದಲೇ ಟಪ್! ಕೊನೆಗೆ ತಮ್ಮ ಫೋನ್ ಮಾಡಿದ. “ಪವರ್ ಸಪ್ಲೈ ಯಾವುದ ತಗೊಂಡಿ?”

“ಭಾರೀದು ತಗೊಂಡೇನಿ. ಇದು ನಮ್ಮ ಊರ ವೋಲ್ಟೇಜಿನ ತೊಂದರಿ. ಮುಂದಿನ ಐತವಾರ ನೋಡು.”

ತಪ್ಪು ನನ್ನದಾಗಿರಲು ಸಾಧ್ಯವೇ ಇರಲಿಲ್ಲವಾದ್ದರಿಂದ, ಮುಂದಿನ ಐತವಾರ ಕಾಕು ಅವರ ಫ್ರಿಜ್ಜಿನ ಸ್ಟೆಬಿಲೈಸರ್ ತಂದು ಹಚ್ಚಿದೆ. ಈ ಸಲ ನೆಲ ಮುಟ್ಟಿದೆ. ಹತ್ತು ಹೆಜ್ಜೆ ತಮ್ಮನ ಜೋಡಿ ಓಡಿದೆ ಕೂಡ. ಅವನು “ಎಡಕ್ಕ ಬಾ” ಅಂದ, ನಾನು “ಊಟ ಆತೇನೋ?” ಅಂದೆ. ಅವನು ನಕ್ಕ. ಟಪ್! ಅತ್ತ ಕಾಕು ಅವರ ಒಂದು ಪಾತೇಲಿ ಹಾಲು ಒಡೆಯಿತು.

“ಅಣ್ಣಾ, ಗೆಳ್ಯಾರು ಬ್ಯಾಸರಾಗ್ಯಾರೋ. ಇನ್ನ ಒಂದ ವಾರ ಅಷ್ಟ.”

ಒಂದೇ ವಾರ! ಆಗ ನಾನು ನನ್ನ ವೃತ್ತಿಯ ಸಮಸ್ತ ಅನುಭವವನ್ನು ಪಣಕ್ಕಿಟ್ಟೆ. ಎಂಥ ಹಟಮಾರಿ ಮೋಟಾರನ್ನೂ ಎಬ್ಬಿಸುವುದು ಸ್ಟಾರ್ಟರ್. ಅಂಗಡಿಯಿಂದ ಹಸಿರು ಬಟನ್, ಕೆಂಪು ಬಟನ್ ಇರುವ ಕಬ್ಬಿಣದ ಸ್ಟಾರ್ಟರ್ ಡಬ್ಬಿ ತಂದು ಗೋಡೆಗೆ ಬಡಿದೆ. ಕಂಬದಿಂದ ಬರುವ ದಪ್ಪ ವೈರಿಗೇ ಸೀದಾ ಸೇರಿಸಿದೆ. ಇಡೀ ಕರ್ನಾಟಕದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ಚಾಲೂ ಆಗುವ ಕಂಪ್ಯೂಟರ್ ನನ್ನದೊಂದೇ ಇರಬೇಕು. (ನೀವು ಮಾಡಬೇಡಿರಿ.)

ಐತವಾರ ಸಂಜೆ ಹಸಿರು ಬಟನ್ ಒತ್ತಿದೆ. ಕಂಪ್ಯೂಟರ್ ಎದ್ದಿತು. ಜಿಗಿದೆ, ಇಳಿದೆ, ಓಡಿದೆ. ತಮ್ಮ ಎದುರಿಗೇ ನಿಂತಿದ್ದ! “ಅಣ್ಣಾ, ಬಂದೂಕು ತಗೋ!” ನಾನು ಬಂದೂಕು ಎತ್ತಿಕೊಂಡೆ.

ಢಂ!

ಆಟದ ಬಂದೂಕು ಎಂದುಕೊಂಡೆ. ಡಬ್ಬಿಯಿಂದ ಹೊಗೆ ಬಂತು. ಹೊರಗೆ ಇಡೀ ಓಣಿ ಕತ್ತಲಾಯಿತು. ಕ್ರಿಕೆಟ್ ಮ್ಯಾಚಿನ ಕೊನೆಯ ಓವರ್ ನಡೆದಿತ್ತಂತೆ. ಎರಡು ನಿಮಿಷದಲ್ಲಿ ಓಣಿಯ ಗಂಡಸರೆಲ್ಲ ಬ್ಯಾಟರಿ ಹಿಡಿದು, ಕಾಕು ಅವರನ್ನು ಮುಂದೆ ಮಾಡಿಕೊಂಡು, ನನ್ನ ಮನೆಗೆ ನುಗ್ಗಿದರು. ತಮ್ಮ ಹೋದ ಮೇಲೆ ನಮ್ಮ ಮನೆಗೆ ಅಷ್ಟು ಮಂದಿ ಬಂದದ್ದು ಅದೇ ಮೊದಲು. ಅವರು ಬೈಯುತ್ತಿದ್ದರು. ನಾನು ಎಲ್ಲರಿಗೂ ಚಹಾ ಇಟ್ಟೆ.

ಯಾರೋ ಹುಲಿಯನ್ನು ಹೊರಗೆಳೆದು ಸ್ಕ್ರೂ ಬಿಚ್ಚಿದರು. ಒಳಗೆ ಕೈಬೆರಳಷ್ಟು ಸಣ್ಣ ಕಾಯಿಲ್, ನಾಲ್ಕು ಎಳೆ ವೈರು. ಮೂಲೆಯಲ್ಲಿ ಅಂಟಿಸಿದ್ದ ಒಂದು ಗಟ್ಟಿ ತುಂಡು ಟಣ್ಣನೆ ಫರಸಿ ನೆಲದ ಮೇಲೆ ಬಿತ್ತು. ನಾನು ಬ್ಯಾಟರಿ ಹಿಡಿದು ನೋಡಿದೆ. ತಾಮ್ರವಲ್ಲ. ಅಲ್ಯುಮಿನಿಯಮ್ಮೂ ಅಲ್ಲ.

ಸಿಮೆಂಟು!

ಎದುರು ಮನೆಯ, ಗೋಡೆ ಕಟ್ಟುವ ಗೌಂಡಿ ಶಿವಪ್ಪ ಅದನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕೆರೆದು, ಗಂಭೀರವಾಗಿ ತೀರ್ಪು ಕೊಟ್ಟ: “ಮಾದೇವಣ್ಣಾ, ಇದಕ್ಕ ಕರೆಂಟ್ ಯಾಕ ಕೊಟ್ಟೀ? ಏಳ ದಿವಸ ನೀರ ಹೊಡೀಬೇಕಿತ್ತಲ್ಲೋ!”

ಓಣಿ ಹೊಟ್ಟೆ ಹಿಡಿದು ನಕ್ಕಿತು. ಚಹಾ ಕುಡಿದು ಹೋಯಿತು. ತಾಸಿನ ಮೇಲೆ ಕರೆಂಟ್ ಬಂತು. ಲೋಟಗಳನ್ನು ನಾನೇ ತೊಳೆದಿಟ್ಟೆ.

ಮರುದಿನ ಆ ತುಂಡನ್ನು ಕಿಸೆಯಲ್ಲಿ ಹಾಕಿಕೊಂಡು ನಿಪ್ಪಾಣಿಗೆ ಹೋಗಿ, ಅಂಗಡಿಯವನ ಮೇಜಿನ ಮೇಲೆ ಇಟ್ಟೆ. “ಏನ್ರಿ ಇದು?”

ಅವನು ಕೈ ಮುಗಿದ. “ಸಾವಕಾರ್ರ, ಒಳಗ ಏನೈತಿ ಅಂತ ದೇವ್ರಾಣಿ ನನಗ ಗೊತ್ತಿಲ್ರಿ. ನಾ ಕಂಪನೀದ ತೋರಿಸಿದೆ. ನೀವು ವಜನ ಕೇಳಿದ್ರಿ, ವಜನ ಕೊಟ್ಟೆ.”

ನ್ಯಾಯವಾದ ಮಾತು. ಕಂಪನಿಯದನ್ನು ಕೇಳಿದ ಬೆಲೆಗೇ ತೆಗೆದುಕೊಂಡೆ. ಅವನು ಹೆದರಿ “ಆರಾಮ ಅದೀರಿಲ್ರಿ? ನೀರ ಕುಡೀತೀರೇನು?” ಎಂದು ಕೇಳಿದ.

ಪುಣ್ಯಕ್ಕೆ ಉಳಿದ ಭಾಗಗಳು ಸುಟ್ಟಿರಲಿಲ್ಲ. ಹೊಸ ಪೆಟ್ಟಿಗೆ ಕೂಡಿಸಿ ಪರೀಕ್ಷೆ ಮಾಡಿದೆ. ಒಂದು ತಾಸು ಆಡಿದರೂ ಬಂದ್ ಆಗಲಿಲ್ಲ! ಐತವಾರ ಮಧ್ಯಾಹ್ನವೇ ತಮ್ಮನಿಗೆ ಫೋನ್ ಮಾಡಿದೆ.

“ರಾಜು, ಗಾಡಿ ತಯಾರ್ ಐತೋ! ಸಂಜಿಕ ಬರ್ತೀನಿ!”

“ಅಣ್ಣಾ... ಗೆಳ್ಯಾರು ನಾಕನೇದಾವನ್ನ ತಗೊಂಡ ಬಿಟ್ರೋ. ಇಲ್ಲೇ ನಮ್ಮ ರೂಮಿನ ಬಾಜೂದಾವ. ನಾ ಭಾಳ ಹೇಳಿದೆ.”

“ಛಲೋ ಆಡ್ತಾನೇನು?”

“ಹೂಂ.”

“ಅವನ ಕಂಪ್ಯೂಟರ್ ಬಂದ್ ಆಗೂದಿಲ್ಲ?”

“ಇಲ್ಲ.”

“ಹಂಗಾರ ಆತು ಬಿಡಪಾ. ಫೋನ್ ಇಡ್ಲೇನು?”

ಈ ಸಲ ಅವನು ಹೂಂ ಅನ್ನಲು ತುಸು ತಡ ಮಾಡಿದ. ಅಷ್ಟು ಲಾಭ.

ಈಗ ನಾನು ಐತವಾರ ಸಂಜೆ ಒಬ್ಬನೇ ಆಡುತ್ತೇನೆ. ಕಂಪ್ಯೂಟರೇ ಯಾವುದೋ ಊರಿನ ಗುರುತಿಲ್ಲದ ಮೂವರ ಜೋಡಿ ನನ್ನನ್ನು ಸೇರಿಸುತ್ತದೆ. ಮೈಕಿನಲ್ಲಿ “ನಮಸ್ಕಾರ್ರಿ, ಯಾವೂರ್ರಿ ನಿಮ್ದು? ಚಹಾ ಆತ್ರೀ?” ಎಂದು ಕೇಳುತ್ತೇನೆ. ಅವರು ಮೈಕ್ ಬಂದ್ ಮಾಡಿಕೊಳ್ಳುತ್ತಾರೆ. ಎದುರಿಗೆ ಬಂದೂಕು ಹಿಡಿದು ಬಂದವನಿಗೂ “ನಿಂದ್ರಪಾ, ಮಾತಾಡಿ ಬಗೆಹರಿಸೋಣು” ಎನ್ನುತ್ತೇನೆ. ಅವನು ಚೌಕಾಶಿಗೆ ಬಗ್ಗುವ ಗಿರಾಕಿ ಅಲ್ಲ, ಗುಂಡು ಹೊಡೆದೇ ಬಿಡುತ್ತಾನೆ.

ಪವರ್ ಸಪ್ಲೈ ಮಾತ್ರ ಭಾಳ ಭರೋಸೆದ್ದು. ಒಮ್ಮೆಯೂ ಬಂದ್ ಆಗಿಲ್ಲ. ನಾನೇ ಎರಡು ನಿಮಿಷಕ್ಕೆ ಬಂದ್ ಆಗುತ್ತೇನೆ.