ದೊಡ್ಡಪ್ಪನ ಫ್ಲೆಕ್ಸು, ಪಕ್ಕದ ಮನೆಯ ಗೋಡೆ

ನಮ್ಮ ಮನೆಯ ಗೋಡೆ ಹೊಲಸಾದರೆ ಹೆಂಡತಿ ಒಬ್ಬಳಿಗೆ ಉತ್ತರ ಹೇಳಿದರೆ ಸಾಕು. ಪಕ್ಕದವರ ಗೋಡೆ ಹೊಲಸಾದರೆ ಇಡೀ ಓಣಿಗೆ ಹೇಳಬೇಕು. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಕೊಟ್ಟೂರಿನ ನಮ್ಮ ಮನೆಯ ಅಂಗಳಕ್ಕೆ ಡಿಸೈನ್ ಕಾಂಕ್ರೀಟು ಹಾಕಿಸಿದಾಗ. ಹಸಿ ಕಾಂಕ್ರೀಟಿನ ಮೇಲೆ ಕೆಂಪು ಪುಡಿ ಎರಚಿ ಅಚ್ಚು ಒತ್ತಿದರೆ ಥೇಟ್ ಕಲ್ಲು ಹಾಸಿದಂತೆ ಕಾಣುತ್ತದೆ. ಎಡವಿದರೆ ಕಲ್ಲೇ ಸಿಗುವ ಈ ಸೀಮೆಯಲ್ಲಿ ಕಾಂಕ್ರೀಟಿಗೆ ಕಲ್ಲಿನ ವೇಷ ಯಾಕೆ ಎಂದು ಕೇಳಬೇಡಿ. ಹಂಪಸಾಗರದ ನನ್ನ ಷಡ್ಡಕ ಹಾಕಿಸಿದ್ದ. ನನ್ನ ಹೆಂಡತಿ ನಿರ್ಮಲಾಗೆ ಅದಕ್ಕಿಂತ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ.

ಅಂಗಳದ ಒಂದು ಮಗ್ಗುಲಿಗೆ ಕೊಟ್ರೇಶಣ್ಣನವರ ಮನೆಯ ಗೋಡೆ, ಬೀದಿಗೆ ಪೂರ್ತಿ ಕಾಣುವಂಥದ್ದು. ತಮ್ಮ ಮಗಳು ಸುಮಾಳನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಅವರು ಅದಕ್ಕೆ ಆಗಷ್ಟೇ ಕೆನೆ ಬಣ್ಣ ಬಳಿಸಿದ್ದರು. ನಮ್ಮ ಕೆಲಸವೂ ಅದೇ ಭಾನುವಾರಕ್ಕೆ ಬಿತ್ತು. ಮುಂದಕ್ಕೆ ಹಾಕೋಣವೆಂದರೆ ಮೇಸ್ತ್ರಿ, "ಇವತ್ತು ಬಿಟ್ರ ಮತ್ತ ನಾ ಸಿಗಂಗಿಲ್ರಿ" ಎಂದ. ಮೇಸ್ತ್ರಿಗೆ ಎದುರಾಡುವ ಧೈರ್ಯ ಮನೆ ಕಟ್ಟಿಸಿದ ಯಾರಿಗೂ ಇರುವುದಿಲ್ಲ. "ಈ ಪುಡಿ ಹತ್ತಿದ್ರ ಹೋಗಂಗಿಲ್ಲ, ಎಲ್ಲಾ ಮುಚ್ಚಿಬಿಡ್ರಿ" ಎಂದೂ ಸೇರಿಸಿದ. ಕೊಟ್ರೇಶಣ್ಣ ಬೆಳಿಗ್ಗೆಯೇ ಬಂದು, "ಸರ, ಹುಡುಗಿ ಬಾಳೇವದ ಪ್ರಶ್ನಿ ಐತಿ, ಗ್ವಾಡಿ ಕಡೆ ಲಕ್ಷ್ಯ ಇರ್ಲಿ" ಎಂದು ಹೇಳಿ ಹೋದರು.

ಲಕ್ಷ್ಯ ಇಟ್ಟೆ. ನಮ್ಮ ಬಾಗಿಲಿಗೆ ಹಳೇ ಸೀರೆ, ನಲ್ಲಿಗೆ ಗೊಬ್ಬರದ ಚೀಲ, ತುಳಸಿ ಕಟ್ಟೆಗೆ ನನ್ನದೇ ಲುಂಗಿ ಸುತ್ತಿದೆ. ಕೊಟ್ರೇಶಣ್ಣನವರ ಗೋಡೆಗೆ ಮಾತ್ರ ಯಾವುದೂ ಸಾಲಲಿಲ್ಲ. ಆಗ ಅಟ್ಟದ ಮೇಲಿದ್ದ ಫ್ಲೆಕ್ಸು ನೆನಪಾಯಿತು. ನಮ್ಮ ದೊಡ್ಡಪ್ಪ ತೀರಿಕೊಂಡಾಗ ಓಣಿಯ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ್ದು. ಅಳತೆ ಕೊಟ್ಟು ಮಾಡಿಸಿದಂತೆ ಗೋಡೆಗೆ ಸರಿಹೋಯಿತು. ಚಿತ್ರ ಒಳಗೆ ಬರುವಂತೆ ಕಟ್ಟುತ್ತಿದ್ದಾಗ ನಿರ್ಮಲಾ ತಡೆದಳು. "ಹಿರಿಯರ ಮಾರಿ ಗ್ವಾಡಿಗೆ ಒತ್ತತಾರೇನ್ರಿ? ಉಸಿರು ಕಟ್ಟಿದಂಗ ಆಗ್ತೈತಿ." ಸತ್ತವರಿಗೆ ಉಸಿರಿನ ಚಿಂತೆ ಯಾಕೆ ಎಂದು ನಾನು ಕೇಳಲಿಲ್ಲ. ಬದುಕಿರುವವನ ಉಸಿರಿನ ಚಿಂತೆ ನನಗಿತ್ತು. ಚಿತ್ರ ಹೊರಗೆ ತಿರುಗಿಸಿ ಕಟ್ಟಿದೆ. ರುಮಾಲು ಸುತ್ತಿ, ಮೀಸೆ ಬಿಟ್ಟು, ಕೊರಳಿಗೆ ಹಾರ ಹಾಕಿಕೊಂಡ ದೊಡ್ಡಪ್ಪ ಬೀದಿ ನೋಡುತ್ತಾ ನಿಂತ. ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'.

ಪುಡಿ ಎರಚಿದರು, ಅಚ್ಚು ಒತ್ತಿದರು. ಗೋಡೆಗೆ ಒಂದು ಚುಕ್ಕಿ ತಾಗಲಿಲ್ಲ. ನಾನು ಬೀಗುತ್ತಿದ್ದಾಗ ಒಂದು ಕಾರು ಓಣಿಗೆ ಬಂತು, ಕೊಟ್ರೇಶಣ್ಣನವರ ಮನೆಯ ಹತ್ತಿರ ನಿಧಾನವಾಯಿತು, ಹಾಗೇ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಕೊಟ್ರೇಶಣ್ಣನವರ ಫೋನಿನ ಮಾತು ಅವರ ಕಿಟಕಿಯಿಂದ ಕೇಳಿಸಿತು. "ಯಾರು ಸತ್ತಾರ್ರಿ? ನಾವೆಲ್ಲ ಆರಾಮ ಅದೀವಿ. ಉಪ್ಪಿಟ್ಟು ಆರಾಕತ್ತೈತಿ, ಬರ್ರಿ."

ಮೇಸ್ತ್ರಿ ಕೂಗುತ್ತಿದ್ದರೂ ಕೇಳದೆ ಹಸಿ ಅಂಗಳದ ನಡುವೆಯೇ ಓಡಿ ಅವರ ಮನೆಯೊಳಗೆ ನುಗ್ಗಿದೆ. ಕೊಟ್ರೇಶಣ್ಣನವರ ಕೈಯಿಂದ ಫೋನು ಕಸಿದುಕೊಂಡು, "ಸತ್ತಿದ್ದು ನಮ್ಮ ದೊಡ್ಡಪ್ಪ ರೀ, ಅದೂ ಹೋದ ವರ್ಷ. ಗ್ವಾಡಿಗೆ ಬಣ್ಣ ಹತ್ತಬಾರ್ದಂತ ಕಟ್ಟೀನಿ" ಎಂದೆ. ಆಚೆ ಕಡೆ ಯಾರೋ ನಕ್ಕರು. ನನಗೆ ಜೀವ ಬಂದಂತಾಯಿತು.

ಕಾರು ತಿರುಗಿ ಬಂತು. ಗಂಡಿನ ಅಜ್ಜಿ ಇಳಿದವಳೇ ಫ್ಲೆಕ್ಸಿಗೆ ಕೈ ಮುಗಿದು, "ಸತ್ತ ಮ್ಯಾಲೂ ಓಣಿ ಕಾಯಾಕತ್ಯಾನ ಪುಣ್ಯಾತ್ಮ" ಎಂದಳು. ಉಪ್ಪಿಟ್ಟು ಖಾಲಿಯಾಯಿತು, ಸಂಬಂಧ ಕುದುರಿತು. ಸುಮಾ ಈಗ ಹಡಗಲಿಯಲ್ಲಿ ಸುಖವಾಗಿದ್ದಾಳೆ.

ಗೋಡೆಯೂ ಕೆನೆಯಂತೆಯೇ ಇದೆ. ಆದರೆ ಅವರ ಬಾಗಿಲಿನಿಂದ ಅವರು ಫೋನು ಹಿಡಿದು ನಿಂತಿದ್ದ ಮೂಲೆಯವರೆಗೆ, ಬಿಳಿ ಮಾರ್ಬಲ್ ಮೇಲೆ, ನನ್ನ ಕೆಂಪು ಹೆಜ್ಜೆಗಳು ಹಾಗೇ ಉಳಿದಿವೆ. ಉಜ್ಜಿದರು, ಆಸಿಡ್ ಹಾಕಿದರು, ಹೋಗಲಿಲ್ಲ. ಕೊಟ್ರೇಶಣ್ಣ ಸಿಟ್ಟು ಮಾಡಿಕೊಂಡವರಲ್ಲ. ಈಗಲೂ ನಾನು ಹೋದರೆ ಬಾಗಿಲಲ್ಲೇ ನಗುತ್ತಾ, "ಬರ್ರಿ ಸರ, ಬರ್ರಿ" ಎನ್ನುತ್ತಾರೆ. ಎನ್ನುತ್ತಲೇ ನನ್ನ ಕಾಲ ಮುಂದೆ ಒಂದು ಗೋಣಿಚೀಲ ಹಾಸುತ್ತಾರೆ.