ಕರಿಬಸವಯ್ಯನವರ ಮಿದುಳಿಗೊಂದು ಕವಚ

ಸ್ಕೂಟರು ಕೈಕೊಟ್ಟಿದ್ದಕ್ಕೆ ಕರಿಬಸವಯ್ಯನವರಿಗೆ ಆಶ್ಚರ್ಯವಾಗಲಿಲ್ಲ. ಮುಖ್ಯವಾದ ದಿನಗಳನ್ನು ಅದು ಎಂದೂ ತಪ್ಪಿಸಿದ್ದಿಲ್ಲ. ಕಿಕ್ ಹೊಡೆದು ಹೊಡೆದು ಕಾಲು ಸೋತ ಮೇಲೆ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಸರ್ಟಿಫಿಕೇಟುಗಳ ಫೈಲು ಹಿಡಿದು ಪದ್ಮನಾಭನಗರದ ಬಸ್‌ಸ್ಟಾಪಿನತ್ತ ಓಡಿದರು. ಹೆಲ್ಮೆಟ್ ತಲೆಯ ಮೇಲೆಯೇ ಉಳಿಯಿತು. ಹೆಲ್ಮೆಟ್ ಕಡ್ಡಾಯವಾಗಿ ಇನ್ನೂ ತಿಂಗಳಾಗಿರಲಿಲ್ಲ. ಊರಿನ ಅರ್ಧ ಜನ ಹಾಕಿಕೊಳ್ಳುವುದನ್ನೂ ಇನ್ನರ್ಧ ಜನ ತೆಗೆಯುವುದನ್ನೂ ಮರೆಯುತ್ತಿದ್ದ ಕಾಲ.

ಆದರೆ ಅವತ್ತು ಮರೆಯಬಾರದಾಗಿತ್ತು. ಜಯನಗರದ ಬಣ್ಣದ ಕಂಪನಿಯೊಂದರ ಕೆಳಮಹಡಿಯಲ್ಲಿ, ಬಣ್ಣ ತೆಳುಮಾಡುವ ಥಿನ್ನರ್ ಡಬ್ಬಿಗಳ ಪಕ್ಕ ಕೂತು ಬಿಲ್ಲು ಬರೆಯುತ್ತಲೇ ತಲೆ ನರೆತವರು ಅವರು. ಅವತ್ತು ಮಧ್ಯಾಹ್ನ ಮೇಲ್ಮಹಡಿಯ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ಸಂದರ್ಶನ. ಏಸಿ ರೂಮು, ತಿರುಗುವ ಕುರ್ಚಿ, ಕಿಟಕಿಯಾಚೆ ಸಂಪಿಗೆ ಮರ. ಆ ಕುರ್ಚಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗುವುದನ್ನು ನಿದ್ದೆಯಲ್ಲಿ ಎಷ್ಟು ಅಭ್ಯಾಸ ಮಾಡಿದ್ದರೆಂದರೆ, ಹೆಂಡತಿ ಅನ್ನಪೂರ್ಣ ಹಾಸಿಗೆಯನ್ನೇ ಬೇರೆ ಮಾಡಿಕೊಂಡಿದ್ದಳು.

ಬೀದಿ ಕೊನೆಯ ಮನೆಯ ಗಂಗಾಧರಯ್ಯ ಗೇಟಿನಲ್ಲೇ ತಡೆದರು. ನಿವೃತ್ತರಾದಂದಿನಿಂದ ಪೇಪರಿನ ಆರೋಗ್ಯ ಪುರವಣಿಯನ್ನು ಪಂಚಾಂಗದಂತೆ ಓದಿ, ಸಿಕ್ಕವರಿಗೆಲ್ಲ ಫಲ ಹೇಳುತ್ತಿದ್ದವರು.

"ಏನ್ ಸಾರ್, ಬಸ್ಸಿಗೆ ಹೆಲ್ಮೆಟ್ಟಾ?"

ಕರಿಬಸವಯ್ಯ ತಲೆ ಮುಟ್ಟಿಕೊಂಡರು. "ಗಾಡಿ ಚಾಲೂನ ಆಗ್ಲಿಲ್ರೀ. ಹಂಗ ಬಂದೆ."

"ಗಾಡಿ ಬಿಡಿ, ನಿಮ್ಮ ತಲೆ ನೋಡ್ಕೊಳ್ಳಿ. ಈ ಮರೆವು ಥಿನ್ನರ್ ಕೆಲಸ! ಆ ವಾಸನೆ ಮೂಗಿಂದ ಸೀದಾ ಮಿದುಳಿಗೆ ಹೋಗುತ್ತೆ. ಅಲ್ಲಿ ಫ್ರೀ ರ‍್ಯಾಡಿಕಲ್ಸ್ ಅಂತ ಹುಟ್ಕೊಳ್ತವೆ. ಬೆಂಗಳೂರಲ್ಲಿ ಈಗ ಫ್ರೀಯಾಗಿ ಸಿಗೋದು ಅದೊಂದೇ. ಮಿದುಳು ಹೆಚ್ಚಿಟ್ಟ ಸೇಬಿನ ಥರ ಕಂದಿಹೋಗುತ್ತೆ. ಸೇಬಿಗೆ ನಿಂಬೆರಸ ಹಿಂಡಿದ್ರೆ ಕಂದಲ್ಲ, ಅಲ್ವಾ? ಹಾಗೇ ಇದಕ್ಕೆ ವಿಟಮಿನ್ ಸಿ, ವಿಟಮಿನ್ ಈ."

"ನನಗೇನೂ ಆಗಿಲ್ರೀ. ಬಸ್ ಬಂತು..."

"ಆದವರೆಲ್ಲ ಹೇಳೋದು ಇದನ್ನೇ. ಮೊದಲನೇ ಲಕ್ಷಣ ಅದು."

ಒಳಗಿನಿಂದ ನೆಲ್ಲಿಕಾಯಿ ರಸ ಬಂತು, ಲೋಟದಲ್ಲಲ್ಲ, ಚೊಂಬಿನಲ್ಲಿ. ಅದು ಖಾಲಿಯಾಗುವಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು. "ನೀವು ಹೊರಡಿ, ನಮ್ಮ ವಿಮಲಾಗೆ ಫೋನ್ ಮಾಡಿರ್ತೀನಿ" ಎಂದರು ಗಂಗಾಧರಯ್ಯ. ವಿಮಲಾ ಅವರ ತಮ್ಮನ ಮಗಳು, ಕರಿಬಸವಯ್ಯನವರ ಆಫೀಸಿನವಳೇ. ಸಂದರ್ಶನಕ್ಕೆ ಅವಳೂ ಅರ್ಜಿ ಹಾಕಿದ್ದಳು.

ಫೋನು ಬಸ್ಸಿಗಿಂತ ಮೊದಲು ಜಯನಗರ ತಲುಪಿತು. ಕರಿಬಸವಯ್ಯ ಒಳಗೆ ಕಾಲಿಡುತ್ತಲೇ ವಿಮಲಾ ಕೈಹಿಡಿದು ಕೂರಿಸಿದಳು.

"ಸಾರ್, ನಾನು ಯಾರು ಹೇಳಿ ನೋಡೋಣ?"

"ವಿಮಲಾ ಮೇಡಂ."

"ವೆರಿ ಗುಡ್!" ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ವಿಮಲಾ ಚೈನ್ ಮಾರ್ಕೆಟಿಂಗ್ ವಿಟಮಿನ್ ಕಂಪನಿಯೊಂದರ ಸಿಲ್ವರ್ ಮೆಂಬರು. ಸಹೋದ್ಯೋಗಿಗಳ ಕಷ್ಟಸುಖ ಅವಳು ವಿಚಾರಿಸಿದಳೆಂದರೆ ವ್ಯಾನಿಟಿ ಬ್ಯಾಗಿನ ಜಿಪ್ಪು ತೆರೆಯಿತೆಂದೇ ಅರ್ಥ. "ಇದು ಸಿ, ಇದು ಈ. ಮಿದುಳಿಗೆ ಪ್ರೈಮರ್ ಹೊಡೆದ ಹಾಗೆ ಸಾರ್. ಎರಡೆರಡು ನುಂಗಿ." ಮಿಕ್ಕವರು ಮೋಸಂಬಿ, ಕ್ಯಾರೆಟ್, ನೆನೆಸಿದ ಬಾದಾಮಿ ತಂದರು. ಯಾರೋ ಪುಣ್ಯಾತ್ಮರು ನಿಂಬೆಹಣ್ಣನ್ನು ನೇರ ನೆತ್ತಿಗೇ ಹಿಂಡಲು ಬಂದರು.

ಊಟದ ಹೊತ್ತಿಗೆ ಹೊಟ್ಟೆ ಮೆಜೆಸ್ಟಿಕ್ ಬಸ್‌ನಿಲ್ದಾಣವಾಯಿತು. ಬಂದವರು ಯಾರೂ ಒಳಗೆ ನಿಲ್ಲುವಂತಿರಲಿಲ್ಲ. ಕರಿಬಸವಯ್ಯ ಟಾಯ್ಲೆಟ್ಟಿಗೆ ಓಡಿದರು, ಬಂದರು, ಮತ್ತೆ ಓಡಿದರು.

"ಪಾಪ," ಎಂದಳು ವಿಮಲಾ, "ಈಗ ತಾನೆ ಹೋಗಿಬಂದಿದ್ದೂ ನೆನಪಿಲ್ಲ."

ಆ ಮಾತು ಮೆಟ್ಟಿಲು ಹತ್ತಿ ಮೇಲೆ ಹೋದದ್ದನ್ನು ಕರಿಬಸವಯ್ಯ ಕಣ್ಣಾರೆ ಕಂಡರು. ಮಿದುಳು ಕೆಟ್ಟವನಿಗೆ ತಿರುಗುವ ಕುರ್ಚಿ ಯಾರು ಕೊಡುತ್ತಾರೆ? ತಲೆ ಗಟ್ಟಿಯಿದೆಯೆಂದು ತೋರಿಸಲೇಬೇಕು ಎಂದು ಹಲ್ಲುಕಚ್ಚಿಕೊಂಡರು. ಹೊಟ್ಟೆಯ ಕಾರಣಕ್ಕೂ ಕಚ್ಚಿಕೊಳ್ಳಬೇಕಾಗಿತ್ತು.

ಸಂದರ್ಶನದಲ್ಲಿ ಜನರಲ್ ಮ್ಯಾನೇಜರು ಆಸ್ಪತ್ರೆಗೆ ಹಣ್ಣು ತಂದವರ ದನಿಯಲ್ಲಿ ಕೇಳಿದರು: "ಥಿನ್ನರ್ ಪಕ್ಕ ಕೂತು ನಿಮಗೇನಾದ್ರೂ ತೊಂದ್ರೆ ಆಗಿದ್ಯಾ? ಸಂಕೋಚ ಬೇಡ, ಹೇಳಿ."

"ಏನಂದ್ರ ಏನೂ ಇಲ್ರೀ ಸರ್!" ಎಂದು ಕರಿಬಸವಯ್ಯ ಕಂಪನಿಯ ಅಷ್ಟೂ ಬಣ್ಣಗಳ ನಂಬರುಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಒಪ್ಪಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. "ವಿಟಮಿನ್ ಸಿ ಐತಿ, ಈ ಐತಿ. ಮಿದುಳಿಗೆ ಪ್ರೈಮರ್ ಹೊಡದಂಗ ಐತ್ರಿ. ಥಿನ್ನರ್ ಡ್ರಮ್ಮಿನಾಗ ಇಳಿಸಿದ್ರೂ ನನಗೇನೂ ಆಗಂಗಿಲ್ಲ!"

ಜನರಲ್ ಮ್ಯಾನೇಜರು ಎದ್ದು ಬಂದು ಕೈಕುಲುಕಿದರು.

"ದೊಡ್ಡ ಭಾರ ಇಳಿಸಿದ್ರಿ! ನಿಮಗೆ ಹೀಗಾಗಿದೆ ಅಂತ ಕೇಳಿ, ಕೇಸು ಗೀಸು ಹಾಕ್ತೀರೇನೋ ಅಂತ ಹೆದರಿಬಿಟ್ಟಿದ್ವಿ. ವಾಸನೆಯಿಂದ ದೂರ ಇರ್ಲಿ ಅಂತ ಮೇಲಿನ ಪೋಸ್ಟು ನಿಮಗೇ ಕೊಡೋದು ಅಂತ ಡಿಸೈಡ್ ಮಾಡಿ, ಆರ್ಡರ್ ಕೂಡ ಟೈಪ್ ಮಾಡ್ಸಿದ್ದೆ." ಮೇಜಿನ ಮೇಲಿದ್ದ ಹಾಳೆಯನ್ನು ಹರ್ಷದಿಂದ ಹರಿದರು. "ಇನ್ನು ಬೇಕಿಲ್ಲ ಬಿಡಿ. ಹೊಸೂರು ರಸ್ತೆಯ ನಮ್ಮ ಥಿನ್ನರ್ ಗೋಡೌನಲ್ಲಿ ಯಾರೂ ನಿಲ್ತಿಲ್ಲ. ತಲೆ ತಿರುಗುತ್ತೆ, ಎಕ್ಸಾಸ್ಟ್ ಫ್ಯಾನ್ ಹಾಕ್ಸಿ ಅಂತಾರೆ. ನೀವು ನನ್ನ ಕಣ್ಣು ತೆರೆಸಿದ್ರಿ. ಫ್ಯಾನ್ ಕ್ಯಾನ್ಸಲ್, ಎಲ್ಲರಿಗೂ ವಿಟಮಿನ್! ಸೋಮವಾರದಿಂದ ನೀವೇ ಅಲ್ಲಿ ಇನ್‌ಚಾರ್ಜು."

ಥಿನ್ನರ್ ವಾಸನೆಗೆ ತಲೆನೋವು ಬರುತ್ತದೆಂದು ಹೇಳಿಕೊಂಡ ವಿಮಲಾಗೆ ತಿರುಗುವ ಕುರ್ಚಿ ಸಿಕ್ಕಿತು. ಗೋಡೌನಿನವರಿಗೆಲ್ಲ ಬಂದ ವಿಟಮಿನ್ ಆರ್ಡರಿನಿಂದ ಅವಳು ಗೋಲ್ಡ್ ಮೆಂಬರೂ ಆದಳು.

"ಮತ್ತ ನೀವು ಆ ಗುಳಗಿ ತಗೊಳಂಗಿಲ್ಲೇನ್ರಿ ಮೇಡಂ?" ಎಂದು ಕರಿಬಸವಯ್ಯ ಕೇಳಿದರು.

"ನಾನಾ? ಅಯ್ಯೋ, ನನಗೆ ಅದು ಹೀಟು ಸಾರ್."

ಸೋಮವಾರ ಬೆಳಿಗ್ಗೆ ಗಂಗಾಧರಯ್ಯ ಚೊಂಬು ಹಿಡಿದು ಗೇಟಿಗೆ ಓಡಿಬಂದರು. ಕರಿಬಸವಯ್ಯ ಹೆಲ್ಮೆಟ್ ಹಾಕಿಕೊಂಡು ಬಸ್‌ಸ್ಟಾಪಿಗೆ ಹೊರಟಿದ್ದರು.

"ಮತ್ತೆ ಮರೆತ್ರಾ ಸಾರ್?"

"ಮರೆತಿಲ್ರೀ. ಬೇಕಂತ ಹಾಕ್ಕೊಂಡೀನಿ," ಎಂದು ಕರಿಬಸವಯ್ಯ ಮುಂದಿನ ಗಾಜನ್ನು ಟಪ್ಪೆಂದು ಕೆಳಗಿಳಿಸಿದರು. "ಗೋಡೌನಿನಾಗ ವಾಸನಿ ಒಂಚೂರು ತಡಿಯೂದು ಇದೊಂದ."

ಗಂಗಾಧರಯ್ಯ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: "ಏನೇ, ವಿಮಲಾಗೆ ಫೋನ್ ಮಾಡು. ಸೆಕೆಂಡ್ ಸ್ಟೇಜು ಅಂತ ಹೇಳು!"