ಗಿಟಾರಿಗಾಗಿ ಇಳಿದ ಶಟರ್

ಗೋವಾದ ಮ್ಹಾಪಸಾ ಪೇಟೆಯಲ್ಲಿ ಹದಿನೆಂಟು ವರ್ಷ ಸ್ಟೀಲ್ ಪಾತ್ರೆ ಮಾರಿದವನು ನಾನು, ಶಂಕರಲಿಂಗ. ಬೋಗುಣಿಯನ್ನು ಬೆರಳಲ್ಲಿ ಬಾರಿಸಿ, ಬರೀ ಸದ್ದಿನ ಮೇಲೆ ಅದರ ದಪ್ಪ ಹೇಳಬಲ್ಲ ಕಿವಿ ನನ್ನದು! ಇಂಥ ನನಗೆ ಆರು ತಂತಿಯ ಗಿಟಾರ್ ಯಾವ ಲೆಕ್ಕ? ಒಂದೇ ತಿಂಗಳಲ್ಲಿ ಕಲಿಯುತ್ತೇನೆಂದು ಶಪಥ ಮಾಡಿಬಿಟ್ಟೆ. ಅದೂ ಎಂಥ ಹಾಡು! ಹಡಗು ಹತ್ತಿ ಹೋದವನಿಗಾಗಿ ಕಾಯುತ್ತ ಕೂತವಳ ಹಳೆಯ ಕೊಂಕಣಿ ಹಾಡು. ಹುಟ್ಟಾ ಗೋವಾದವರೇ ಅರ್ಧಕ್ಕೆ ಕೈಬಿಡುವಷ್ಟು ಕಷ್ಟದ್ದು.

ಕಾರಣ ನನ್ನ ಹೆಂಡತಿ ಪ್ರತಿಮಾ. ಎರಡು ತಿಂಗಳ ಹಿಂದೆ ನರಗುಂದದಲ್ಲಿ ನಮ್ಮ ಮಾವ ತೀರಿಕೊಂಡರು. ನಾನು ಮೂರನೆಯ ದಿನ ಹೋಗಿ ಮುಖ ತೋರಿಸಿ ಬಂದೆ. ವ್ಯಾಪಾರಸ್ಥನ ಪಾಡು ನಿಮಗೆ ಗೊತ್ತಲ್ಲ! ಅಲ್ಲಿಂದ ಬಂದ ಮೇಲೆ ಅವಳು ನನ್ನ ಜೊತೆ ಆಡುವ ಮಾತು ಮೂರೇ: "ಊಟಾ ಮಾಡ್ರಿ", "ಹಾಲು ತೀರ್ಯಾವು", "ಲೈಟ್ ಆರಸ್ರಿ". ಮೊದಲು ಜಗಳವಾದರೂ ಇತ್ತು. ಜಗಳವೂ ಇಲ್ಲದ ಮನೆಯಲ್ಲಿ ಇರುವುದು ಎಷ್ಟು ಕಷ್ಟವೆಂದು ನನಗೆ ಆಗಲೇ ತಿಳಿದದ್ದು. ಪಕ್ಕದ ಮನೆಯ ಸೆಬಾಸ್ತ್ಯಾಂವ ಮಾಸ್ತರರು ಸಂಜೆ ಈ ಹಾಡು ನುಡಿಸುವಾಗ ಮಾತ್ರ, ಒಗೆದ ಬಟ್ಟೆ ಕೈಯಲ್ಲೇ ಹಿಡಿದು ಹಿತ್ತಲಲ್ಲಿ ನಿಂತುಬಿಡುತ್ತಿದ್ದಳು. ನಾನೇ ನುಡಿಸಿದರೆ ನಾಲ್ಕನೆಯ ಮಾತು ಆಡಿಯಾಳು!

ಮಾಸ್ತರರ ಜೊತೆ ಸೌದಾ ಕುದುರಿತು. ಐದು ಲೀಟರಿನ ಕುಕ್ಕರ್ ನನ್ನಿಂದ, ಹಳೆಯ ಗಿಟಾರ್ ಮತ್ತು ಪಾಠ ಅವರಿಂದ. ಮೊದಲ ವಾರದಲ್ಲೇ ಅವರು ಕುಕ್ಕರ್ ವಾಪಸು ಕೊಡಲು ಬಂದರು! "ಸವಕಾಸ ಬಾಬಾ, ಸವಕಾಸ" ಎನ್ನುತ್ತ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಎಫ್ ಅಂತ ಒಂದು ಕಾರ್ಡ್, ಅಂದರೆ ಸ್ವರಗುಚ್ಛ, ಇದೆ. ಒಂದೇ ಬೆರಳಿನಿಂದ ಆರೂ ತಂತಿ ಅದುಮಬೇಕು. ಬೆರಳ ಮೇಲೆ ಗುಳ್ಳೆ ಎದ್ದವೇ ಹೊರತು ಎಫ್ ಏಳಲಿಲ್ಲ. ಕಡೆಗೆ ತಾವು ನುಡಿಸಿದ್ದನ್ನು ನನ್ನ ಮೊಬೈಲಿಗೆ ತುಂಬಿ, ಕೇಳುತ್ತಾ ಇರು, ಕೈ ಮಾತ್ರ ಹಚ್ಚಬೇಡ ಎಂದು ಹಿಂದಿಯಲ್ಲಿ ಅಪ್ಪಣೆ ಕೊಟ್ಟು ಹೋದರು.

ಆ ಶುಕ್ರವಾರ ಬಂತು. ಸಂತೆಯ ದಿನ. ಸಂಜೆ ಪ್ರತಿಮಾಳ ಮುಂದೆ ನುಡಿಸಿಯೇ ಸೈ ಎಂದು ಮಧ್ಯಾಹ್ನ ಊಟವಾದದ್ದೇ ಅಂಗಡಿಯ ಶಟರ್ ಅರ್ಧಕ್ಕೆ ಎಳೆದೆ. ಗಿರಾಕಿಗಳ ಕಾಟ ಬೇಡ, ಗಾಳಿ ಬೇಕು! ಅಂಗಡಿಯ ಹಿಂದೆಯೇ ನಮ್ಮ ಮನೆ. ಕೋಣೆಯಲ್ಲಿ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತೆ. ಶುಭಕಾರ್ಯವೆಂದು ಹಣೆತುಂಬ ವಿಭೂತಿ. ಪ್ರತಿಮಾ ಹಿತ್ತಲಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಮೊಬೈಲಿನಲ್ಲಿ ಆ ಹಾಡು ಮುಗಿದು, ಮತ್ತೆ ಶುರುವಾಗಿ, ಮತ್ತೆ ಮುಗಿಯುತ್ತಿತ್ತು. ಕಣ್ಣು ಮುಚ್ಚಿ ಕೇಳಿದೆ. ನಿದ್ದೆ ಹತ್ತಿತು. ಗಿಟಾರ್ ಜಾರಿ ಮಂಚದ ಕೆಳಗೆ ಹೋಯಿತು.

ಎಚ್ಚರವಾದದ್ದು ಒಂದು ಗೋಳಾಟಕ್ಕೆ.

"ಒಂದ ಚಮಚಾಕೂ ರೇಟ್ ಬಿಡಲಾರದಾಂವ, ಎಲ್ಲಾ ಬಿಟ್ಟು ಹ್ವಾದೆಲ್ಲೋ ನನ್ನ ತಮ್ಮಾ!"

ಎದುರು ಅಂಗಡಿಯ ಮುರುಗೆವ್ವ ಎದೆ ಬಡಿದುಕೊಂಡು ಆಡಿ ಆಡಿ ಅಳುತ್ತಿದ್ದಾರೆ! ನನ್ನ ಕೊರಳಲ್ಲಿ ಚೆಂಡುಹೂವಿನ ಹಾರ. ಮೆಣಸಿನಕಾಯಿ ವ್ಯಾಪಾರಿ ಹಣಮಪ್ಪ ಕೈಯಲ್ಲಿ ತಾಳ ಹಿಡಿದು ಭಜನೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ಬಾಗಿಲ ತುಂಬ ಪೇಟೆಯ ನಮ್ಮ ಕನ್ನಡ ಮಂದಿ.

"ಏನ್ ನಡದೈತ್ರೀ ಇಲ್ಲಿ?" ಎಂದೆ.

"ಶಿವನ!" ಎಂದು ಚೀರಿ ಮುರುಗೆವ್ವ ಹಣಮಪ್ಪನ ಮೇಲೆ ಬಿದ್ದರು.

"ನೀ ಸತ್ತಿಲ್ಲೇನು ಶಂಕರಣ್ಣಾ?" ಹಣಮಪ್ಪನ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು.

"ಇಲ್ಲೋ ಮಾರಾಯಾ!"

"ಮತ್ತ ಸಂತಿ ದಿನ ಅರ್ಧಾ ಶಟರ್ ಯಾಕ ಇಳಿಸೀದಿ?"

ಅಯ್ಯೋ! ನಮ್ಮ ವ್ಯಾಪಾರಸ್ಥರಲ್ಲಿ ಹಾಡುಹಗಲು ಶಟರ್ ಅರ್ಧ ಇಳಿದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಒಳಗೆ ಬಗ್ಗಿ ಬಂದರೆ ಅಳುವಂಥ ಹಾಡು, ಗೋಡೆಗೊರಗಿ ಕೂತ ದೇಹ, ಹಣೆಗೆ ವಿಭೂತಿ. ನಮ್ಮ ಲಿಂಗಾಯತರಲ್ಲಿ ಹೆಣವನ್ನು ಕೂಡಿಸುವುದೂ ಹೀಗೆಯೇ. ಅವರದೇನು ತಪ್ಪು?

"ಗಿಟಾರ್ ಕಲಿಯಾಕತ್ತಿದ್ನಿ," ಎಂದೆ ಹಾರ ಸರಿಮಾಡಿಕೊಳ್ಳುತ್ತ.

ಚೀರಾಟ ಕೇಳಿ ಪ್ರತಿಮಾ ಹಿತ್ತಲಿಂದ ಓಡಿಬಂದಳು, ಕೈಯಲ್ಲಿ ಒನಕೆ, ಖಾರಕ್ಕೆ ಕೆಂಪಾದ ಕಣ್ಣು. ಮಂದಿಯನ್ನು ನೋಡಿದಳು. ನನ್ನ ಹಾರ ನೋಡಿದಳು. ಎರಡು ತಿಂಗಳ ಮೇಲೆ ಮೊದಲ ಸಲ ನಕ್ಕಳು, ಬಿದ್ದು ಬಿದ್ದು ನಕ್ಕಳು! ಗೆದ್ದೆ ಅಂದುಕೊಂಡೆ.

"ಹಾಡು ಕಲಿಯಾಕ ಶಟರ್ ಇಳಿಸಿದ್ರಿ?"

"ಹೂಂ. ನಿನ್ನ ಸಲುವಾಗಿನ."

ಅವಳ ನಗು ನಿಂತಿತು. "ನಮ್ಮಪ್ಪ ಹ್ವಾದಾಗೂ ಶುಕ್ರವಾರನ ಇತ್ರಿ. ನಾ ಒಬ್ಬಾಕಿನ ಅಳಕೋಂತ ಬಸ್ ಹತ್ತಿದೆ. ತಿರುಗಿ ನೋಡಿದ್ರ ಶಟರ್ ಪೂರ್ತಿ ಮ್ಯಾಲಿತ್ತು."

ನಿಜ. ಆ ದಿನ ವ್ಯಾಪಾರ ಜೋರಾಗಿತ್ತು. ನನಗೆ ಬಹಳ ನಾಚಿಕೆಯಾಯಿತು.

ಪ್ರತಿಮಾ ನನ್ನ ಕೊರಳಿನ ಹಾರ ತೆಗೆದು, ಗೋಡೆಯ ಮೇಲಿನ ಅಪ್ಪನ ಫೋಟೋಕ್ಕೆ ಹಾಕಿದಳು. ಆಮೇಲೆ ಕುಸಿದು ಕೂತು ಅತ್ತಳು. ಮುರುಗೆವ್ವ ಅವಳನ್ನು ತಬ್ಬಿಕೊಂಡರು. ಯಾರೂ ಹೊರಡಲಿಲ್ಲ. ಹಣಮಪ್ಪ ಚಪ್ಪಲಿ ಬದಿಗಿಟ್ಟು ಕೂತ. ತಂದ ತಾಳ ಹಾಗೇ ಒಯ್ಯುವ ಆಸಾಮಿ ಅವನಲ್ಲ. ನಮ್ಮ ಮಾವನಿಗೆ ಎರಡು ತಿಂಗಳು ತಡವಾಗಿ ಭಜನೆ ಶುರುವಾಯಿತು. ಶಟರ್ ಪೂರ್ತಿ ಇಳಿಸಲೆಂದು ನಾನು ಮೆಲ್ಲಗೆ ಎದ್ದು ಅಂಗಡಿಯ ಕಡೆ ಹೊರಟೆ.

"ಎಲ್ಲಿಗೆ ಹೊಂಟ್ರಿ?" ಪ್ರತಿಮಾ ಕಣ್ಣೊರೆಸಿಕೊಂಡು ಕೇಳಿದಳು. "ಕುಂಡ್ರಿ. ಬರತೈತೋ ಇಲ್ಲೋ, ನಮ್ಮಪ್ಪನ ಮುಂದ ಬಾರಸ್ರಿ. ಶಟರ್ ಹೆಂಗೂ ಇಳದೈತಿ."